ನಂಜಿಯ ಕೊರಳ ಕಣ್ಣಿ

ಬೆಕ್ಕಿನ ಕೊರಳಿಗೆ ಪಟ್ಟಿ ಹಾಕಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿ ಒಂದು ವಾರ ಜಗಳ ನಡೆಯಿತು. ಹೊಲ ಹಿಸ್ಸೆಯಾದಾಗ ಕೂಡ ಇಷ್ಟು ಮಾತು ಖರ್ಚಾಗಿರಲಿಲ್ಲ. ಆವತ್ತು ನಮ್ಮ ಯಜಮಾನರು ದೇವರಾಜು ಬೆಳಗ್ಗೆ ಪಂಚಾಯ್ತಿಗೆ ಹೋದವರು ಮಧ್ಯಾಹ್ನದ ಊಟಕ್ಕೆ ಎಲ್ಲ ಮುಗಿಸಿಕೊಂಡು ಬಂದಿದ್ದರು. ಬೆಕ್ಕಿನ ವಿಚಾರಕ್ಕೆ ಮಾತ್ರ ಮೂರು ಹೊತ್ತೂ ಮುದ್ದೆ ಮುಂದೆ ಕೂತು ಭಾಷಣ ಮಾಡಿದರು. ಸಾರು ಬಡಿಸಿ ಬಡಿಸಿ ನನಗೆ ಸಾಕಾಗಿ, ಮೊದಲು ಎಂಜಲು ಕೈ ತೊಳೀರಿ, ಆಮೇಲೆ ಬೆಕ್ಕಿಗೆ ಬುದ್ಧಿ ಹೇಳುವಿರಂತೆ ಎಂದಿದ್ದೆ.

ಶುರುವಾದದ್ದು ಅತ್ತೆ ಬಿದ್ದದ್ದರಿಂದ. ನಮ್ಮತ್ತೆ ಕುಳ್ಳಮ್ಮನಿಗೆ ಎರಡೂ ಕಣ್ಣು ಹೋಗಿ ಆಗ ಮೂರು ವರ್ಷ. ಕಣ್ಣಿನ ನರ ಒಣಗಿದೆ, ಇನ್ನು ಬೆಳಕು ಬರುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಆವತ್ತಿನಿಂದ ಆಕೆಯ ಲೋಕವೆಂದರೆ ಬೀದಿಬಾಗಿಲ ಜಗಲಿ, ಹಿತ್ತಲ ಬಚ್ಚಲು, ಎರಡರ ನಡುವಿನ ಗೋಡೆ. ಗೋಡೆ ಸವರಿಕೊಂಡು ಹೋಗುವುದು, ಗೋಡೆ ಸವರಿಕೊಂಡು ಬರುವುದು. ನನ್ನ ಮಗಳು ರೂಪಶ್ರೀ ಹುಣಸೂರಿನ ಹಾಸ್ಟೆಲಿನಲ್ಲಿದ್ದಳು. ಯಜಮಾನರು ಹೊಲದಲ್ಲಿ, ನಾನು ಹೊಲಕ್ಕೂ ಮನೆಗೂ. ಹಗಲೆಲ್ಲ ಅತ್ತೆಗೆ ಜೊತೆಯೆಂದರೆ ನಂಜಿ ಒಂದೇ. ನಂಜಿ ನಮ್ಮ ಬೂದು ಬಣ್ಣದ ಹೆಣ್ಣು ಬೆಕ್ಕು. ಯಾರೂ ತಂದದ್ದಲ್ಲ, ಒಂದು ಮಳೆಗಾಲದಲ್ಲಿ ತಾನಾಗಿಯೇ ಬಂದು ಅತ್ತೆಯ ಮಡಿಲಲ್ಲಿ ಮಲಗಿಕೊಂಡಿತು, ಅಷ್ಟೆ.

ನನಗೂ ಅತ್ತೆಗೂ ಅಂಥ ಸಲುಗೆ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ನಾನು ಮಿರ್ಲೆಯವಳು. ನಾಲೆ ನೀರಿನಲ್ಲಿ ಕಾಲಾಡಿಸಿಕೊಂಡು ಬೆಳೆದವಳನ್ನು ತಂದು ಪಿರಿಯಾಪಟ್ಟಣದ ಈ ಒಣಭೂಮಿಯ ಹೊಗೆಸೊಪ್ಪಿನ ಮನೆಗೆ ಹಾಕಿದರು. ಇಲ್ಲಿ ಒಂದು ಬಿಂದಿಗೆ ನೀರಿಗೆ ಪಂಚಾಯ್ತಿಯವರು ನಲ್ಲಿ ಹಾಕಿ ಕಟ್ಟಿಸಿದ ನೀರಿನ ತೊಂಬೆಗೆ ಹೋಗಿ ಸಾಲು ನಿಲ್ಲಬೇಕು. ಅತ್ತೆಗೆ ಕಣ್ಣಿದ್ದ ಕಾಲದಲ್ಲಿ, ನಾನು ನೀರು ಹೊತ್ತು ಬಂದು ಇಳಿಸುವ ಮೊದಲೇ, ಇಷ್ಟೊತ್ತು ಅಲ್ಲೇನು ಕಡಿದು ಕಟ್ಟೆ ಹಾಕುತ್ತಿದ್ದೆ ಎಂದು ಕೇಳುತ್ತಿದ್ದರು. ನನ್ನ ಬಾಯೂ ಸುಮ್ಮನಿರುವ ಬಾಯಲ್ಲ. ಎದುರುತ್ತರ ಕೊಟ್ಟು ಕೊಟ್ಟೇ ಹನ್ನೊಂದು ವರ್ಷ ಕಳೆದೆ. ಕಣ್ಣು ಹೋದ ಮೇಲೆ ಅತ್ತೆ ಕೇಳುವುದನ್ನು ನಿಲ್ಲಿಸಿದರು. ಬೈಯುವವರೂ ಇಲ್ಲದ ಮನೆಯಲ್ಲಿ ನನಗೆ ಒಂಥರಾ ಬೇಜಾರೇ ಆಗುತ್ತಿತ್ತು.

ಆ ವರ್ಷ, ಎರಡು ಸಾವಿರದ ಎರಡನೇ ಇಸವಿಯ ಜೂನ್ ತಿಂಗಳಲ್ಲಿ, ಒಂದು ಬೆಳಗ್ಗೆ ಅತ್ತೆ ಗೋಡೆ ಸವರಿಕೊಂಡು ಬಚ್ಚಲಿಗೆ ಹೊರಟಿದ್ದರು. ನಂಜಿ ನಡುಮನೆಯ ಹೊಸಿಲಿನ ಮೇಲೆ ಮಲಗಿತ್ತು. ಅತ್ತೆ ಅದರ ಬಾಲ ತುಳಿದರು, ಅದು ಕಿರುಚಿತು, ಅದಕ್ಕೆ ಏಟಾಗಬಾರದೆಂದು ಇವರು ಕಾಲೆತ್ತಿದರು, ಬಿದ್ದರು. ಮಣಿಕಟ್ಟು ಊದಿಕೊಂಡಿತು. ಪಿರಿಯಾಪಟ್ಟಣದ ಡಾಕ್ಟರು ಕೈಗೆ ಪಟ್ಟಿ ಸುತ್ತಿ, ಈ ಸಲ ಮಣಿಕಟ್ಟು, ಮುಂದಿನ ಸಲ ಸೊಂಟ ಮುರಿದರೆ ಹಾಸಿಗೆಯೇ ಗತಿ ಎಂದು ಹೆದರಿಸಿ ಕಳಿಸಿದರು.

ಯಜಮಾನರು ಬಂದವರೇ ಗೋಣಿಚೀಲ ಹುಡುಕಿದರು. ಬೆಕ್ಕನ್ನು ಚೀಲಕ್ಕೆ ತುಂಬಿ ಕೊಪ್ಪದ ಆಚೆ ಸೇತುವೆ ದಾಟಿಸಿ ಬಿಟ್ಟು ಬರುತ್ತೇನೆ, ಕಾವೇರಿ ದಾಟಿದ ಬೆಕ್ಕು ತಿರುಗಿ ಬರುವುದಿಲ್ಲ ಎಂದರು. ಅತ್ತೆ ಜಗಲಿಯಿಂದ ಮೆಲ್ಲಗೆ ಹೇಳಿದರು.

"ಚೀಲ ದೊಡ್ಡದು ನೋಡ್ಕೊಂಡು ತಕ್ಕೊ ಕಣ್ಲಾ. ನನ್ನೂ ಅದ್ರೊಳುಕ್ಕೆ ತುಂಬು."

ಆ ಮಾತಿಗೆ ಚೀಲ ಅಟ್ಟಕ್ಕೆ ಹೋಯಿತು. ಮೂರು ದಿನ ಬಿಟ್ಟು ಯಜಮಾನರು ಕೊಪ್ಪಕ್ಕೆ ಹೋಗಿದ್ದವರು ಒಂದು ಕೆಂಪು ಪಟ್ಟಿ ತಂದರು. ಬೈಲುಕುಪ್ಪೆಯ ಟಿಬೆಟಿನವರು ಅವರ ಜೂಲು ನಾಯಿಗಳ ಕೊರಳಿಗೆ ಹಾಕುತ್ತಾರಲ್ಲ, ಅಂಥದ್ದು. ನಡುವೆ ನೆಲ್ಲಿಕಾಯಿಯಷ್ಟು ದಪ್ಪದ ಹಿತ್ತಾಳೆ ಗಂಟೆ. ಬೆಕ್ಕು ಎಲ್ಲಿದೆ ಎಂದು ಸದ್ದಿನಲ್ಲೇ ಅವ್ವನಿಗೆ ಗೊತ್ತಾಗಲಿ ಎಂದು ಇವರ ಉಪಾಯ. ಗಂಟೆ ಇದ್ದರೆ ಬೆಕ್ಕು ಇರಲಿ, ಗಂಟೆ ಬೇಡವೆಂದರೆ ಬೆಕ್ಕೂ ಬೇಡ ಎಂದು ಕಡ್ಡಿ ಮುರಿದಂತೆ ಹೇಳಿದರು. ಜಗಳ ಹತ್ತಿಕೊಂಡದ್ದು ಆಗ.

ಅತ್ತೆಗೆ ಅದು ಪಟ್ಟಿಯಲ್ಲ, ಕಣ್ಣಿ. ನಮ್ಮ ಕಡೆ ದನದ ಕೊರಳ ಹಗ್ಗಕ್ಕೆ ಕಣ್ಣಿ ಎನ್ನುತ್ತೇವೆ. ಕರು ಬೆಳೆದು ಅದಕ್ಕೆ ಕಣ್ಣಿ ಹಾಕಿದರೆ ಅದು ಆ ಮನೆಯ ದನವಾಯಿತು ಎಂದರ್ಥ. ಆಮೇಲೆ ಅದರ ಕೊರಳು ಒಂದು ಗಳಿಗೆಯೂ ಬರಿದಾಗಬಾರದು. ಹಳೆಯ ಕಣ್ಣಿ ಸವೆದರೆ ಹೊಸದನ್ನು ಹಾಕಿದ ಮೇಲೆಯೇ ಹಳೆಯದನ್ನು ಬಿಚ್ಚುತ್ತೇವೆ. ಕೊರಳು ಬರಿದಾಗುವುದು ದನ ಸತ್ತಾಗ, ಇಲ್ಲವೇ ಮಾರಿದಾಗ. ಮಾರಿದರೆ ಕೊಂಡವರು ತಮ್ಮ ಹಗ್ಗ ತರಬೇಕು, ಕಣ್ಣಿ ನಮ್ಮ ಮನೆಯಲ್ಲೇ ಉಳಿಯಬೇಕು. ಹಿಂದಿನ ವರ್ಷ ಟಿಲ್ಲರ್ ತಂದ ಮೇಲೆ ನಮ್ಮ ಜೋಡಿ ಎತ್ತನ್ನು ಹೊಸ ಅಗ್ರಹಾರದ ಮಂಚಯ್ಯನವರಿಗೆ ಕೊಟ್ಟೆವು. ಅವರು ಹೊಸ ಹಗ್ಗ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದರು. ಬಿಚ್ಚಿದ ಎರಡು ಕಣ್ಣಿಯನ್ನೂ ಅತ್ತೆ ಮಡಿಲಲ್ಲಿಟ್ಟುಕೊಂಡು, ಎತ್ತಿನ ಗೊರಸಿನ ಸದ್ದು ರಸ್ತೆಯಲ್ಲಿ ಕರಗುವವರೆಗೂ ಕಿವಿ ಕೊಟ್ಟು ಕೂತಿದ್ದರು. ಆವತ್ತು ಊಟ ಮಾಡಲಿಲ್ಲ.

"ಬೆಕ್ಕು ಕಣ್ಣಿ ಇಲ್ದೆ ಬಂತು, ಕಣ್ಣಿ ಇಲ್ದೆ ಅದೆ," ಎಂದರು ಮಗನಿಗೆ. "ಹಾಕಿದ್ರೆ ಒಂದಿನ ತೆಗೀಬೇಕಾಯ್ತದೆ ಕಣ್ಲಾ. ತೆಗುದ್ ದಿನ ಅದು ನಮ್ದಲ್ಲ."

ಆರು ದಿನ ಇದೇ ಮಾತು ಹಿಂದಕ್ಕೂ ಮುಂದಕ್ಕೂ ಓಡಾಡಿತು. ಯಜಮಾನರು ಅಟ್ಟದ ಚೀಲದ ಕಡೆ ನೋಡುವುದನ್ನು ಬಿಡಲಿಲ್ಲ. ಅತ್ತೆಗೆ ಅದು ಕಾಣುತ್ತಿರಲಿಲ್ಲ, ಆದರೂ ಗೊತ್ತಾಗುತ್ತಿತ್ತು. ಏಳನೇ ದಿನ ಸೋತು, ಆಯ್ತು ಹಾಕಿ, ಆದರೆ ಹಾಕಿದ ಮೇಲೆ ನಾನಿರುವ ತನಕ ಅದರ ಕೊರಳು ಬರಿದು ಮಾಡಬಾರದು ಎಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡರು. ನಾನು ಅತ್ತೆಯ ಕೈ ಮುಟ್ಟಿ ಹೂಂ ಎಂದೆ.

ಪಟ್ಟಿ ಕಟ್ಟಿದ ದಿನ ನಂಜಿ ಮಾಡಿದ ರಾದ್ಧಾಂತ ಹೇಳತೀರದು. ಹಿಂದಕ್ಕೆ ಹಿಂದಕ್ಕೆ ನಡೆದು ಗೋಡೆಗೆ ಗುದ್ದಿಕೊಂಡಿತು, ನೆಲದ ಮೇಲೆ ಹೊರಳಿತು, ಕೊನೆಗೆ ನಮ್ಮ ಮೂರೂ ಜನರ ಕಡೆ ಬೆನ್ನು ಹಾಕಿ ಕೂತಿತು. ಮಲಗಿದ ಬೆಕ್ಕು ಗಂಟೆ ಬಾರಿಸುವುದಿಲ್ಲ ಎಂಬ ಸಣ್ಣ ವಿಚಾರ ನಮ್ಮ ಯಜಮಾನರ ತಲೆಗೆ ಹೊಳೆದಿರಲೇ ಇಲ್ಲ. ಅತ್ತೆಯ ಕಾಲಿಗೆ ಸಿಕ್ಕುತ್ತಿದ್ದದ್ದು ಮಲಗಿದ ಬೆಕ್ಕೇ. ಆದರೆ ಎದ್ದು ಓಡಾಡುವಾಗಿನ ಆ ಸದ್ದಿನಿಂದ ಯಾರೂ ನೆನೆಸದ ಒಂದು ಸಂಗತಿ ನಡೆಯಿತು. ಅತ್ತೆ ಊರು ಸುತ್ತತೊಡಗಿದರು.

ಕೂತಲ್ಲೇ ಸುತ್ತುತ್ತಿದ್ದರು. ಆಷಾಢದ ಜಿಟಿಜಿಟಿ ಹನಿ, ಬ್ಯಾರನ್ನಿನಲ್ಲಿ, ಎಂದರೆ ಎಲೆ ಒಣಗಿಸುವ ಎತ್ತರದ ಗೂಡಿನಲ್ಲಿ, ಬೇಯುವ ಹೊಗೆಸೊಪ್ಪಿನ ಸಿಹಿಗಮಟು ವಾಸನೆ, ಮೋಡ ಬಿದ್ದು ಹೊತ್ತು ಎಷ್ಟಾಯಿತೆಂದೇ ತಿಳಿಯದ ಮಧ್ಯಾಹ್ನಗಳು. ನಾನು ಬ್ಯಾರನ್ ಮುಂದಿನ ಚಪ್ಪರದಲ್ಲಿ ಕೂತು ಹಸಿ ಎಲೆಗಳನ್ನು ದಾರದಲ್ಲಿ ಮಾರುದ್ದದ ಕಡ್ಡಿಗೆ ಪೋಣಿಸಿ ಕಟ್ಟುತ್ತಿದ್ದೆ. ಅತ್ತೆ ಜಗಲಿಯಿಂದ ತಮ್ಮಷ್ಟಕ್ಕೆ ತಾವೇ ಹೇಳುತ್ತಿದ್ದರು: ಈಗ ಪಕ್ಕದ ಮನೆ ಚಿಕ್ಕಣ್ಣನ ಬೇಲಿ ನುಸುಳಿತು, ಈಗ ಹುಣಸೆಮರದ ಬೇರು ಹತ್ತಿತು, ಆ ಮರ ಈ ಸಲ ಕಾಯಿ ಬಿಟ್ಟಿದೆಯೋ ಏನೋ, ಈಗ ತೊಂಬೆಯ ಹತ್ತಿರ ಕೆಸರು ನೋಡಿ ನಿಂತಿತು. ಗಂಟೆ ಎಲ್ಲಿ ಹೋದರೆ ಅಲ್ಲಿ ಅತ್ತೆಗೆ ಮೂರು ವರ್ಷದ ಹಿಂದೆ ಕಂಡ ಗೋಡೆ, ಮರ, ಬೇಲಿ ಎಲ್ಲ ಎದ್ದು ನಿಲ್ಲುತ್ತಿದ್ದವು. ಕೇಳುತ್ತ ಕೇಳುತ್ತ ನನ್ನ ಕೈ ತಾನಾಗಿ ಕಟ್ಟುತ್ತಿತ್ತು, ಕಣ್ಣು ತೂಕಡಿಸುತ್ತಿತ್ತು, ಅರ್ಧ ನಿದ್ದೆಯಲ್ಲಿ ನಾನೂ ಆ ಸಣ್ಣ ಸದ್ದಿನ ಹಿಂದೆ ಹುಲ್ಲಿನೊಳಗೆ ನಡೆದು ಹೋಗುತ್ತಿದ್ದೆ. ಅತ್ತೆಯ ಮುಖದಲ್ಲಿ ನಗು ನೋಡಿ ಎಷ್ಟು ಕಾಲವಾಗಿತ್ತೋ. ನನಗೂ ಖುಷಿಯಾಯಿತು, ಮುಚ್ಚಿಡುವುದೇನಿದೆ.

ಸುಖವಿಲ್ಲದೆ ಹೋದದ್ದು ನಂಜಿಗೆ. ಗಂಟೆಯ ಸದ್ದಿಗೆ ಇಲಿಗಳು ಅದು ಬರುವ ಮೊದಲೇ ಜಾಗ ಖಾಲಿ ಮಾಡುತ್ತಿದ್ದವು. ರಾಗಿ ಮೂಟೆಗೆ ತೂತು ಬಿತ್ತು. ನಂಜಿ ಮೂಟೆಯ ಪಕ್ಕ ಗಂಟೆಗಟ್ಟಲೆ ಕಲ್ಲಿನಂತೆ ಕೂತಿರುತ್ತಿತ್ತು, ಹಾರಲು ಮೈ ಕುಗ್ಗಿಸಿದ ಕೂಡಲೇ ಟಿಣ್ ಎನ್ನುತ್ತಿತ್ತು, ಅಲ್ಲಿಗೆ ಮುಗಿಯಿತು. ಜುಲೈ ಕಳೆಯುವಷ್ಟರಲ್ಲಿ ಅದರ ಬೆನ್ನುಮೂಳೆ ಎಣಿಸಬಹುದಿತ್ತು. ಪಟ್ಟಿ ಉಜ್ಜಿ ಉಜ್ಜಿ ಕೊರಳ ಸುತ್ತ ಕೂದಲು ಉದುರಿ, ಚರ್ಮ ಕೆಂಪಗಾಗಿ, ಒಂದು ಕಡೆ ನೀರು ಜಿನುಗಿತು. ಯಜಮಾನರಿಗೆ ಹೇಳಿದರೆ, ನಿನ್ನೆ ಮೊನ್ನೆ ತಂದದ್ದು, ಒಂದು ತೂತು ಸಡಿಲ ಮಾಡು ಸಾಕು ಎಂದರು. ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. ಅರಿಶಿನ ಎಣ್ಣೆ ಹಚ್ಚಿ, ಒಂದಲ್ಲ ಎರಡು ತೂತು ಸಡಿಲ ಮಾಡಿದೆ. ಉಪಕಾರ ಮಾಡಿದೆ ಅಂದುಕೊಂಡಿದ್ದೆ, ಪೆದ್ದಿ ನಾನು.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಮಳೆ ಹೊಳವಾಗಿ, ಎಲ್ಲ ಕಡೆ ಹಬೆಯಾಡುತ್ತಿತ್ತು. ನಾನು ಚಪ್ಪರದಲ್ಲಿ ತೂಕಡಿಸುತ್ತಿದ್ದೆ. ಬ್ಯಾರನ್ನಿನ ಹಿಂದೆ ಕಡ್ಡಿಗಳನ್ನು ಒಟ್ಟಿದ ಕಡೆ ಗಂಟೆ ಒಂದೇ ಸಮ ಬಾರಿಸತೊಡಗಿತು. ಕನಸಿನಲ್ಲಿ ಯಾರೋ ಪೂಜೆ ಮಾಡುತ್ತಿದ್ದಾರೆ ಎನ್ನಿಸಿತು. ಆಮೇಲೆ ಸದ್ದು ಒಮ್ಮೆಲೇ ನಿಂತಿತು. ನಿಂತದ್ದಕ್ಕೆ ನನಗೆ ಎಚ್ಚರವಾಯಿತು.

ಓಡಿ ಹೋಗಿ ನೋಡಿದರೆ, ಒಟ್ಟಿನಿಂದ ಹೊರಗೆ ಚಾಚಿದ್ದ ಒಂದು ಕಡ್ಡಿಯ ತುದಿಗೆ ಪಟ್ಟಿ ಸಿಕ್ಕಿಕೊಂಡು ನಂಜಿ ನೇತಾಡುತ್ತಿತ್ತು. ಹಿಂಗಾಲು ಗಾಳಿಯಲ್ಲಿತ್ತು, ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ದಾರ ಕೊಯ್ಯುವ ಕುಡುಗೋಲು ಕೈಯಲ್ಲೇ ಇತ್ತು. ಪಟ್ಟಿ ಕೊಯ್ದೆ. ಬೆಕ್ಕು ನೆಲಕ್ಕೆ ಬಿದ್ದು ಒಂದು ಗಳಿಗೆ ಹಾಗೇ ಮಲಗಿತ್ತು. ಹೋಯಿತು ಎಂದೇ ತಿಳಿದೆ. ಆಮೇಲೆ ಅದು ಕೆಮ್ಮಿತು, ಎದ್ದಿತು, ನನ್ನನ್ನು ನೋಡಿ ಹೆದರಿ ಬ್ಯಾರನ್ನಿನ ಮಾಡಿನ ಮೇಲೆ ಹಾರಿ ಹೋಯಿತು. ನಾನು ತುಂಡಾದ ಪಟ್ಟಿ ಹಿಡಿದು ಅಲ್ಲೇ ಕುಕ್ಕರಿಸಿದೆ.

ಜಗಲಿಯಿಂದ ಅತ್ತೆ ಕೂಗಿದರು.

"ಸುಧಾ, ಗಂಟೆ ಯಾಕವ್ವ ನಿಂತೋಯ್ತು?"

ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಡುವವಳು ನಾನು, ಊರಿಗೇ ಗೊತ್ತು. ಆವತ್ತು ಹೇಳುವ ಮೊದಲು ಲೆಕ್ಕ ಹಾಕಿದೆ. ಕೊರಳು ಬರಿದಾಯಿತು ಎಂದರೆ ಅತ್ತೆಗೆ ನಂಜಿ ಹೋಯಿತು ಎಂದೇ ಅರ್ಥ. ಮತ್ತೆ ಕಟ್ಟೋಣವೆಂದರೆ ಆ ತೆರೆದ ಬಾಯಿ ಕಣ್ಣ ಮುಂದೆ ಬರುತ್ತಿತ್ತು. ನನ್ನ ಕೈ ತಾನಾಗಿ ಗಂಟೆಯನ್ನು ಅಲುಗಿಸಿತು. ಟಿಣ್ ಟಿಣ್.

ಓ ಅಲ್ಲೇ ಅದೆ, ಎಂದು ಅತ್ತೆ ತಮ್ಮಷ್ಟಕ್ಕೆ ಹೇಳಿಕೊಂಡರು.

ಅಲ್ಲಿಂದ ಶುರುವಾಯಿತು ನನ್ನ ಹಣೆಬರಹ. ಗಂಟೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಗಂಡನಿಗೂ ಹೇಳಲಿಲ್ಲ, ಹೇಳಿದರೆ ಇನ್ನೊಂದು ಪಟ್ಟಿ ತರುತ್ತಾರೆ, ಇಲ್ಲವೇ ಚೀಲ ಇಳಿಸುತ್ತಾರೆ. ಅವರು ಮನೆಯಲ್ಲಿದ್ದಾಗ ಗಂಟೆಯನ್ನು ಸೆರಗಿನ ಸಮೇತ ಸೊಂಟಕ್ಕೆ ಸಿಕ್ಕಿಸಿ ಮುಚ್ಚಿಕೊಳ್ಳುತ್ತಿದ್ದೆ. ನಂಜಿ ಮಾಡು ಬಿಟ್ಟು ಇಳಿಯುತ್ತಲೇ ಇರಲಿಲ್ಲ. ಏಣಿ ಹಾಕಿ ಅದಕ್ಕೆ ಅಲ್ಲೇ ಹಾಲು ಇಟ್ಟು ಬರುತ್ತಿದ್ದೆ. ಬೆಕ್ಕು ಮಡಿಲಿಗೆ ಯಾಕೆ ಬರುತ್ತಿಲ್ಲ ಎಂದು ಅತ್ತೆ ಕೇಳಿದಾಗ, ಮರಿ ಹಾಕಲು ಜಾಗ ಹುಡುಕುತ್ತಿರಬೇಕು ಎಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಜೊತೆಯಾಯಿತು.

ಮೊದಲ ಎರಡು ದಿನ ನಾಟಕ ಮಾಡಿದೆ. ಬೆಕ್ಕು ಹೋಗುವ ಜಾಗಗಳಿಗೆಲ್ಲ ಹೋಗಿ, ಬೆಕ್ಕು ನಡೆಯುವಂತೆ ಸೆರಗು ಅಲುಗಿಸಿ, ನಿಂತು, ಮತ್ತೆ ಅಲುಗಿಸಿ ಬರುತ್ತಿದ್ದೆ. ಚಿಕ್ಕಣ್ಣನ ಹೆಂಡತಿ ನನ್ನನ್ನು ಬೇಲಿಯ ಹತ್ತಿರ ಸೆರಗು ಒದರುತ್ತ ಬಗ್ಗಿ ನಿಂತದ್ದನ್ನು ಕಂಡು, ಮೈಮೇಲೆ ಏನಾದರೂ ಬಂದಿದೆಯೇ ಎಂದು ಕೇಳಿದಳು. ಹೂಂ ಬಂದಿದೆ, ನಿನ್ನ ಮನೆಗೂ ಕಳಿಸುತ್ತೇನೆ ಎಂದು ಹೇಳಿ ಬಂದೆ.

ಮೂರನೇ ದಿನಕ್ಕೆ ನಾಟಕ ಸಾಕಾಯಿತು. ಸೊಪ್ಪು ಕೊಯ್ಲಿನ ಕೆಲಸದ ನಡುವೆ ಯಾರಿಗೆ ಪುರುಸೊತ್ತು. ಗಂಟೆ ಸೆರಗಿನಲ್ಲೇ ಇರಲಿ, ನಾನು ಹೋದಲ್ಲಿ ಅದೂ ಬರಲಿ ಎಂದು ಬಿಟ್ಟೆ. ನೀರಿಗೆ ಹೋದರೆ ಟಿಣ್ ಟಿಣ್, ಕೊಟ್ಟಿಗೆ ಬಾಚಿದರೆ ಟಿಣ್ ಟಿಣ್, ತಿಪ್ಪೆಗೆ, ಬ್ಯಾರನ್ನಿಗೆ, ಒಲೆಗೆ, ಮತ್ತೆ ನೀರಿಗೆ. ಸಂಜೆ ನಾನು ಒಲೆ ಮುಂದೆ ಕೂತಾಗ ಅತ್ತೆ ಆವತ್ತು ನಂಜಿ ಎಲ್ಲೆಲ್ಲಿ ಹೋಗಿತ್ತು ಎಂದು ಕಥೆ ಹೇಳುತ್ತಿದ್ದರು. ಕತ್ತಲು ಹರಿಯುವ ಮೊದಲೇ ಎದ್ದು ಕೊಟ್ಟಿಗೆಗೆ ಹೋಯಿತಂತೆ. ಮಳೆಯಲ್ಲಿ ತೊಂಬೆಯ ಹತ್ತಿರ ಬಹಳ ಹೊತ್ತು ನಿಂತಿತ್ತಂತೆ, ಯಾರೋ ಸಾಲಿನಲ್ಲಿ ಮುಂದೆ ನುಗ್ಗಿದ್ದರಂತೆ. ಮಧ್ಯಾಹ್ನ ಹಿತ್ತಲ ಹಿಂದಿನ ಕೆರೆ ಏರಿ ಮೇಲೆ ನಡೆದು, ಏರಿಯ ನಡುವೆ ಸುಮ್ಮನೆ ನಿಂತುಬಿಟ್ಟಿತಂತೆ.

ನಾನು ನಿಂತದ್ದು ನಿಜ. ಹುಲ್ಲಿನ ಹೊರೆ ತಲೆಯ ಮೇಲಿತ್ತು, ಮಳೆ ನಿಂತು ಮಂಜು ಕೆರೆಯ ನೀರಿನಿಂದ ಎದ್ದು ಏರಿ ಹತ್ತುತ್ತಿತ್ತು, ಆಚೆ ದಡ ಇರಲಿಲ್ಲ, ಈಚೆ ದಡವೂ ಇರಲಿಲ್ಲ. ನನ್ನ ಕಾಲು ನನಗೆ ಕಾಣುತ್ತಿರಲಿಲ್ಲ. ಗಾಳಿಗೆ ಸೆರಗು ಅಲುಗಿ ಗಂಟೆ ತಾನಾಗಿ ಬಾರಿಸಿತು. ನಾನು ಯಾರು, ಸುಧಾನೋ ನಂಜಿಯೋ, ಮಿರ್ಲೆಯ ಹುಡುಗಿಯೋ ಎನ್ನುವುದು ಒಂದು ಕ್ಷಣ ಮರೆತೇಹೋಯಿತು. ಎಲ್ಲೋ ದೂರದ ಜಗಲಿಯ ಮೇಲೆ ಕೂತ ಮುದುಕಿಯೊಬ್ಬಳು ನನ್ನನ್ನು ಹೆಜ್ಜೆ ಹೆಜ್ಜೆಯಾಗಿ ಕೇಳಿಸಿಕೊಳ್ಳುತ್ತಿದ್ದಾಳೆ ಎನ್ನಿಸಿ ಮೈ ಹಗುರವಾಯಿತು. ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ನಾನೆಲ್ಲಿದ್ದೇನೆ ಎಂದು ಹಾಗೆ ಕಿವಿಗೊಟ್ಟವರು ಯಾರೂ ಇರಲಿಲ್ಲ. ಮರುಕ್ಷಣವೇ, ಅವರು ಕಿವಿಗೊಟ್ಟಿರುವುದು ಬೆಕ್ಕಿಗೆ ಕಣೇ, ನಿನಗಲ್ಲ ಎಂದು ನನಗೆ ನಾನೇ ಬೈದುಕೊಂಡು ಮನೆಗೆ ನಡೆದೆ. ಬೈದುಕೊಂಡರೂ ದುಃಖವಾಯಿತು.

ಒಂದು ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮಗನಿಗೆ ಹೇಳಿದರು, ನಂಜಿ ದಿನಕ್ಕೆ ಹನ್ನೊಂದು ಸಲ ತೊಂಬೆಗೆ ಹೋಗುತ್ತದೆ, ಮನೆ ಮುಂದಕ್ಕೊಂದು ನಲ್ಲಿ ಎಳೆಸು ಕಣ್ಲಾ ಎಂದು. ಯಜಮಾನರು ಮುದ್ದೆ ಗಂಟಲಿಗೆ ಸಿಕ್ಕುವಷ್ಟು ನಕ್ಕರು. ಬೆಕ್ಕಿಗೊಂದು ನಲ್ಲಿ, ನಾಳೆ ಅದಕ್ಕೊಂದು ಬಚ್ಚಲು ಮನೆ ಕಟ್ಟಿಸೋಣ ಎಂದರು. ಅತ್ತೆ ನಗಲಿಲ್ಲ. ನಾನು ಹಿತ್ತಲ ಕಡೆ ಮುಖ ತಿರುಗಿಸಿಕೊಂಡು ಮಜ್ಜಿಗೆ ಕಡೆದೆ. ಅತ್ತೆಗೆ ವಯಸ್ಸಾಯಿತು, ಬುದ್ಧಿ ಅಲುಗಾಡುತ್ತಿದೆ ಎಂದು ಹೆದರಿಕೆಯಾಯಿತು. ಆ ಹೆದರಿಕೆ ನನ್ನ ಸುಳ್ಳಿನಿಂದಲೇ ಬಂದದ್ದು ಎಂದು ಇನ್ನೂ ಸಂಕಟವಾಯಿತು. ನಾಳೆ ಹೇಳಿಬಿಡುತ್ತೇನೆ ಎಂದುಕೊಂಡೆ. ನಾಳೆ ಹೇಳಲಿಲ್ಲ. ಗಂಟೆ ಬಿಚ್ಚಿದರೆ ಅತ್ತೆ ಮತ್ತೆ ಆ ಗೋಡೆಗೇ ವಾಪಸ್ಸಾಗಬೇಕು. ಜೊತೆಗೆ, ಇದನ್ನೂ ಹೇಳಿಬಿಡುತ್ತೇನೆ, ನನಗೂ ಆ ಸಂಜೆಯ ಕಥೆ ಬೇಕಾಗಿತ್ತು.

ಇಪ್ಪತ್ತು ದಿನ ಹೀಗೇ ನಡೆಯಿತು. ಗೌರಿಹಬ್ಬ ಹತ್ತಿರ ಬಂದಿತ್ತು. ಆವತ್ತು ಬೆಳಗ್ಗೆ ಬಿಸಿಲು ಬಿದ್ದಿತ್ತು, ಬಹಳ ದಿನದ ಮೇಲೆ ಬಂದ ಎಳೆಬಿಸಿಲು. ಜಗಲಿಯ ಮೇಲೆ, ಬೇಲಿಯ ಮೇಲೆ, ಎಲ್ಲ ಕಡೆಯಿಂದ ಹಬೆ ಏಳುತ್ತಿತ್ತು. ನಾನು ತೊಂಬೆಯಿಂದ ಸೊಂಟದ ಮೇಲೊಂದು ಬಿಂದಿಗೆ, ಕೈಯಲ್ಲೊಂದು ಬಕೆಟ್ಟು ಹಿಡಿದು ಬರುತ್ತಿದ್ದೆ. ಸೆರಗಿನ ಗಂಟೆ ಬಡಿಯುತ್ತಿತ್ತು. ಬೀದಿ ತಿರುಗಿ ನೋಡಿದರೆ ಅತ್ತೆಯ ಮಡಿಲಲ್ಲಿ ನಂಜಿ.

ಅಷ್ಟು ದಿನ ಮಾಡಿನ ಮೇಲಿದ್ದದ್ದು ಬಿಸಿಲಿಗೆ ಇಳಿದು ಬಂದಿತ್ತು. ಅತ್ತೆಯ ಬೆರಳು ಅದರ ಕೊರಳ ಸುತ್ತ ಆಡುತ್ತಿತ್ತು, ಹೊಸ ಕೂದಲು ಮೂಡಿದ ಬರಿಯ ಕೊರಳು. ನಾನು ನಿಂತಲ್ಲೇ ನಿಂತೆ. ಗಂಟೆಯೂ ನಿಂತಿತು. ಓಡಿಹೋಗಲು ಮಿರ್ಲೆ ಬಹಳ ದೂರ.

"ಬಾ ಸುಧಾ," ಎಂದರು ಅತ್ತೆ. "ಯಾಕ್ ನಿಂತ್ಕಂಡೆ?"

ತಪ್ಪಾಯಿತು ಅತ್ತೆ ಎಂದೆ. ಕಡ್ಡಿ ಸಿಕ್ಕಿಕೊಂಡದ್ದು, ಪಟ್ಟಿ ಕೊಯ್ದದ್ದು, ಎರಡು ತೂತು ಸಡಿಲ ಮಾಡಿದವಳು ನಾನೇ ಎನ್ನುವುದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಕೈ ಮುಟ್ಟಿ ಕೊಟ್ಟ ಮಾತು ಮುರಿದೆ, ಬೈಯಿರಿ ಎಂದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅತ್ತೆ ನಂಜಿಯ ಕಿವಿಯ ಹಿಂದೆ ತುರಿಸುತ್ತಲೇ ಕೇಳಿಸಿಕೊಂಡರು. ಮತ್ತೆ ಕಟ್ಟಬೇಕೆಂದರೆ ಹೇಳಿ, ಮೆತ್ತನೆಯ ಬಟ್ಟೆಯಲ್ಲಿ ಹೊಲಿದು ಕಟ್ಟುತ್ತೇನೆ ಎಂದೂ ಹೇಳಿದೆ.

ಬೇಡ ಎಂದರು. ಕಣ್ಣಿ ತೆಗೆದರೆ ಹೋಗಿಬಿಡುತ್ತದೆ ಎಂದುಕೊಂಡಿದ್ದೆ, ದನಕ್ಕೆ ಆಡುವ ಮಾತನ್ನು ಬೆಕ್ಕಿಗೆ ಆಡಿದೆ, ಇದು ಬರಿಗೊರಳಲ್ಲೇ ಬಂದು ಕೂತಿದೆ ನೋಡು ಎಂದರು. ಇನ್ನು ಮುಂದೆ ಕೋಲು ತಟ್ಟಿಕೊಂಡು ನಡೆಯುತ್ತೇನೆ, ಆ ಸದ್ದಿಗೆ ಅದೇ ಎದ್ದು ದಾರಿ ಬಿಡುತ್ತದೆ, ನಿನ್ನ ಗಂಡನಿಗೆ ಹೇಳಿ ಒಂದು ಕೋಲು ಮಾಡಿಸು ಎಂದರು. ಒಂದು ವಾರ ಜಗಳವಾಡಿದ ವಿಚಾರ ಹೀಗೆ ಎರಡು ಮಾತಿನಲ್ಲಿ ಮುಗಿಯಿತು. ಆದರೆ ಅತ್ತೆಯ ಮಾತು ಮುಗಿದಿರಲಿಲ್ಲ.

"ನಂಗೆ ಮೊದುಲ್ನೆ ದಿನವೇ ಗೊತ್ತಾಯ್ತು ಕಣವ್ವ," ಎಂದರು. "ಬೆಕ್ಕಿನ ಗಂಟೆ ಹೋಯ್ತಾನೂ ಒಂದೇ ಸದ್ದು, ಬತ್ತಾನೂ ಒಂದೇ ಸದ್ದು. ಇದು ತೊಂಬೆಗೆ ಹೋಯ್ತಾ ಹಗೂರ, ಬತ್ತಾ ಭಾರ."

ನನ್ನ ಸೊಂಟದ ಮೇಲಿನ ಬಿಂದಿಗೆ ಹಾಗೇ ಇತ್ತು. ಹಾಗಿದ್ದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ಹೇಳಿದ್ರೆ ನೀನು ಬಿಚ್ಚಾಕ್ಬುಡ್ತಿದ್ದೆ." ನಂಜಿಯ ಬೆನ್ನು ಸವರಿದರು. "ಹದ್ನಾಕು ವರ್ಸ ಈ ಮನೇಲಿ ನಡ್ದಿದ್ದೀಯ ಸುಧಾ. ಕಣ್ಣಿದ್ದಾಗ ನಾನು ಒಂದಿನಾನೂ ನೋಡ್ಲಿಲ್ಲ."

ಬಿಂದಿಗೆ ಇಳಿಸಿದೆ. ಇಳಿಸಿದೆನೋ ಕೈಜಾರಿತೋ, ಅರ್ಧ ನೀರು ಬೀದಿಗೆ ಹೋಯಿತು. ಇನ್ನೊಂದು ದಿನವಾಗಿದ್ದರೆ ಅಷ್ಟು ನೀರಿಗೆ ನಾನೇ ಊರು ಒಂದು ಮಾಡುತ್ತಿದ್ದೆ. ಜಗಲಿಯ ಅಂಚಿನಲ್ಲಿ ಅತ್ತೆಯ ಪಕ್ಕ ಕೂತೆ. ಬೆಳಗಿನ ಹೊತ್ತು ಆ ಜಗಲಿಯ ಮೇಲೆ ನಾನು ಕೂತದ್ದು ಅದೇ ಮೊದಲು. ಅಳು ಬಂತು, ತಡೆಯಲಿಲ್ಲ, ಬೀದಿಯಲ್ಲಿ ಯಾರು ನೋಡಿದರೂ ನೋಡಲಿ ಎಂದು ಅತ್ತುಬಿಟ್ಟೆ. ನಂಜಿ ಮಡಿಲಿನಿಂದ ಇಳಿದು ಚೆಲ್ಲಿದ ನೀರು ನೆಕ್ಕಲು ಹೋಯಿತು, ಸದ್ದೇ ಇಲ್ಲದೆ. ಅತ್ತೆ ಕೈ ಚಾಚಿ ತಡಕಾಡಿದರು. ಬೆಕ್ಕನ್ನು ಹುಡುಕುತ್ತಿದ್ದಾರೆ ಅಂದುಕೊಂಡೆ. ಅವರ ಕೈ ನನ್ನ ಮೊಣಕಾಲಿಗೆ ತಾಗಿ, ಅಲ್ಲಿಂದ ಕೆಳಗಿಳಿದು, ಮೀನಖಂಡ ಹಿಡಿದು ಮೆಲ್ಲಗೆ ಒತ್ತತೊಡಗಿತು. ಅತ್ತೆ ಸೊಸೆಯ ಕಾಲು ಒತ್ತುವುದೆಂದರೇನು, ಯಾರಾದರೂ ಕಂಡರೆ ನಗುತ್ತಾರೆ, ಬಿಡಿ ಎಂದೆ. ಬಿಡಲಿಲ್ಲ. ಒಂದು ಕಾಲು ಮುಗಿಸಿ, ಇನ್ನೊಂದನ್ನು ಈ ಕಡೆ ಇಡು ಎಂದರು.